ಸಾಕ್ಷಿಗೆಂದು ಬಂದವಳು

"ಒಂದು ಬ್ಲೌಸ್‌ಗೆ ವರ್ಕ್ ಮಾಡಿಸ್ಬೇಕಿತ್ತು..."

ಅವಳು ಅವನಿಗೆ ಹೇಳಿದ ಮೊದಲ ಮಾತೇ ಸುಳ್ಳು!

ಹೆಗ್ಗನಹಳ್ಳಿಯ ಆ ಕಿರಿದಾದ ರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆಯೊಳಗೆ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಟಕಟಕ ಸದ್ದು ಮಾಡುತ್ತಿತ್ತು. ಸೂಜಿಗಳು ಒಟ್ಟಿಗೆ ಏಳುತ್ತ ಬೀಳುತ್ತ ರೇಷ್ಮೆಯ ಮೇಲೆ ಹೂವು ಮೂಡಿಸುತ್ತಿದ್ದವು. ಕಂಪ್ಯೂಟರ್ ಮುಂದೆ ಬಗ್ಗಿ ಕೂತಿದ್ದ ಯುವಕ ತಿರುಗಿ ನೋಡಿದ. ಅವನ ತಲೆಗೂದಲಿಗೆ ಹಸಿರು ದಾರದ ಚೂರೊಂದು ಅಂಟಿಕೊಂಡಿತ್ತು. ಪಾಪ, ಅವನಿಗದು ಗೊತ್ತೇ ಇರಲಿಲ್ಲ.

ಅದನ್ನು ತೆಗೆಯಲು ಅವಳ ಕೈ ತಾನಾಗಿಯೇ ಮುಂದೆ ಹೋಯಿತು. 'ಛೇ! ನಾನು ಬಂದಿರೋದು ಕೆಲಸಕ್ಕೆ...'

"ಕೂತ್ಕೊಳಿ ಮೇಡಂ. ಹೆಸರು?"

"ಅನು."

ಅದೂ ಸುಳ್ಳು.

"ಮದುವೆ ಬ್ಲೌಸಾ?"

"ಹ್ಞೂಂ... ಅಕ್ಕನ ಮದುವೆ."

ಅವಳಿಗೆ ಅಕ್ಕನೇ ಇರಲಿಲ್ಲ!

ಓದುತ್ತಿರುವ ನಿಮಗೆ ಈಗಲೇ ಅವಳನ್ನು ಬೈಯಬೇಕು ಅನ್ನಿಸಬಹುದು. ಸ್ವಲ್ಪ ತಡೆಯಿರಿ. ಬೈಯಲು ಮುಂದೆ ಬೇಕಾದಷ್ಟು ಕಾರಣ ಸಿಗುತ್ತದೆ.

ಅವಳ ನಿಜವಾದ ಹೆಸರು ರಂಜಿನಿ. ರಾಜಾಜಿನಗರದ ವಕೀಲ ಸೇತುರಾಮ ಅವರ ಕಚೇರಿಯಲ್ಲಿ ಕೆಲಸ. ಕಳ್ಳ ಸಾಫ್ಟ್‌ವೇರ್ ಬಳಸುವವರ ವಿರುದ್ಧ ಕಂಪನಿಗಳ ಪರವಾಗಿ ಕೇಸು ನಡೆಸುವುದರಲ್ಲಿ ಸೇತುರಾಮ ಅವರದು ಎತ್ತಿದ ಕೈ. ಅಂಥ ಕೇಸಿಗೆ ಸಾಕ್ಷಿ ಬೇಕಲ್ಲ? ಅದನ್ನು ತರುವವಳು ರಂಜಿನಿ. ಗಿರಾಕಿಯ ಹಾಗೆ ಅಂಗಡಿಗೆ ಹೋಗಬೇಕು, ಪರದೆಯ ಮೇಲೆ ಯಾವ ಸಾಫ್ಟ್‌ವೇರ್ ಇದೆ ನೋಡಬೇಕು, ಒಂದು ಫೋಟೊ ಹೊಡೆಯಬೇಕು, ಬಂದು ರಿಪೋರ್ಟ್ ಬರೆಯಬೇಕು.

"ಮೊದಲೇ ನೋಟಿಸ್ ಕೊಟ್ಟು ಕೇಳಬಹುದಲ್ವಾ ಸಾರ್?" ಎಂದು ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಳಿದ್ದಳು.

"ನೋಡಮ್ಮಾ, ನೋಟಿಸ್ ಕೊಡೋದೂ ಒಂದು ದಾರಿ. ಆದ್ರೆ ನೋಟಿಸ್ ತಲುಪಿದ ತಕ್ಷಣ ಎಲ್ಲಾ ಅಳಿಸಿಹಾಕಿ ಕೈ ತೊಳ್ಕೊಂಡುಬಿಡ್ತಾರೆ. ಅದಕ್ಕೇ ಅವ್ರಿಗೆ ತಿಳಿಸದೆ ಕೋರ್ಟಿಂದ ಆದೇಶ ತಗೊಳೋದು. ಕೋರ್ಟೇ ನೇಮಿಸಿದ ಕಮಿಷನರ್ ನೇರವಾಗಿ ಅಂಗಡಿಗೆ ಹೋಗಿ ಸೀಲ್ ಮಾಡ್ತಾರೆ. ಒಂದು ಸಾಫ್ಟ್‌ವೇರ್ ಬರೆಯೋಕೆ ಎಷ್ಟು ಹುಡುಗರು ರಾತ್ರಿಯೆಲ್ಲ ನಿದ್ದೆಗೆಟ್ಟಿರ್ತಾರೆ ಗೊತ್ತಾ? ಅವ್ರೂ ಬದುಕಬೇಕಲ್ಲ?"

ಆ ಮಾತು ಸುಳ್ಳಾಗಿರಲಿಲ್ಲ. ಹಾಗಾಗಿಯೇ ರಂಜಿನಿ ತನ್ನ ಕೆಲಸವನ್ನು ನಂಬಿದ್ದಳು.

ಎರಡನೆಯ ಸಲ ಹೋದಾಗ ಮಹದೇವ್, ಅದೇ ದಾರದ ಚೂರಿನ ಯುವಕ, ಪರದೆಯ ಮೇಲೆ ವಿನ್ಯಾಸಗಳನ್ನು ತೋರಿಸಿದ.

"ಬೆನ್ನಿಗೆ ದೊಡ್ಡ ಬುಟ್ಟಾ ಬೇಡ ಮೇಡಂ. ನಿಮ್ಮ ಕುತ್ತಿಗೆಗೆ ಸಣ್ಣ ಬಳ್ಳಿ ಚೆಂದ..." ಎಂದವನು ನಾಲಿಗೆ ಕಚ್ಚಿಕೊಂಡ. "ಸಾರಿ. ನಿಮ್ಮ ಅಕ್ಕನಿಗೆ ಅಲ್ವಾ..."

ರಂಜಿನಿಗೆ ನಗು ಬಂತು. ನಗುತ್ತಲೇ ಫೋನ್ ತೆಗೆದಳು. "ಒಂದು ಫೋಟೊ ತಗೊಳ್ಲಾ? ಅಕ್ಕಂಗೆ ಕಳಿಸ್ಬೇಕು."

"ಅಯ್ಯೋ, ತಗೊಳಿ!" ಎಂದ. ಪರದೆ ಸ್ಪಷ್ಟವಾಗಿ ಬರಲಿ ಎಂದು ತಾನೇ ಪಕ್ಕಕ್ಕೆ ಸರಿದು ನಿಂತ!

ಆ ಸಾಫ್ಟ್‌ವೇರ್ ತೆರೆಯಬೇಕಾದರೆ ಡಾಂಗಲ್ ಎಂಬ ಪುಟ್ಟ ಕೀಲಿಯನ್ನು ಕಂಪ್ಯೂಟರಿಗೆ ಚುಚ್ಚಿರಬೇಕು. ನೋಡಲು ಪೆನ್‌ಡ್ರೈವ್‌ನ ಹಾಗಿರುತ್ತದೆ. ಅಂಥ ಕೀಲಿ ಅಲ್ಲಿರಲಿಲ್ಲ. ಅಂದರೆ ಕಳ್ಳ ಕಾಪಿ. ರಂಜಿನಿ ರಿಪೋರ್ಟ್ ಬರೆದಳು, ಅಫಿಡವಿಟ್‌ಗೆ ಸಹಿ ಹಾಕಿದಳು. ಅವಳ ಕೆಲಸ ಅಲ್ಲಿಗೆ ಮುಗಿದಿತ್ತು.

ಮುಗಿದ ಮೇಲೂ ಆ ಅಂಗಡಿಗೆ ಅವಳು ಯಾಕೆ ಹೋದಳು? ಅದನ್ನು ಯಾವ ವಕೀಲರೂ ಹೇಳಲಾರರು.

"ತೋಳಿನ ಹತ್ರ ಬಣ್ಣ ಯಾಕೋ ಸರಿಯಿಲ್ಲ..." ಎಂದು ಒಮ್ಮೆ ಹೋದಳು. "ಬಳ್ಳಿಗೆ ಒಂದೆಲೆ ಜಾಸ್ತಿ ಆಯ್ತೇನೋ..." ಎಂದು ಮತ್ತೊಮ್ಮೆ. ಮಹದೇವನಿಗೆ ಅರ್ಥವಾಗದೆ ಇರುತ್ತದೆಯೇ? ಅವನು ಪ್ರತಿ ಸಲವೂ ಸಿಟ್ಟಿಲ್ಲದೆ ದಾರ ಬಿಚ್ಚಿ ಮತ್ತೆ ಹಾಕಿದ. ಮೇಲಿನ ಮನೆಯಿಂದ ಅವನ ತಾಯಿ ಚಿಕ್ಕಗಂಗಮ್ಮ ಕಾಫಿ ತಂದುಕೊಡುತ್ತಿದ್ದರು. "ಕುಡಿಯವ್ವ, ಬಿಸಿ ಆರೋಯ್ತದೆ" ಎಂದು ಅವರು ಹೇಳುವಾಗ ರಂಜಿನಿ ಲೋಟದ ಮೇಲಿಂದ ಕಣ್ಣೆತ್ತುತ್ತಿರಲಿಲ್ಲ. ನೀವು ಹೋಗಿ ನೀನು ಬಂತು. ಮೇಡಂ ಎಂಬುದು ಎಲ್ಲೋ ಬಿದ್ದುಹೋಯಿತು.

'ಹೇಳಿಬಿಡ್ಲಾ? ಇವತ್ತೇ ಹೇಳಿಬಿಡ್ಲಾ?'

ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಳ್ಳುವುದರಲ್ಲೇ ದಿನಗಳು ಕಳೆದವು. ಒಂದು ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತಾಗ ಅವನೇ ಬಾಯಿಬಿಟ್ಟ.

"ನಿಂಗೊಂದು ವಿಷ್ಯ ಹೇಳ್ಬೇಕು ಕಣೇ. ಯಾರಿಗೂ ಹೇಳಿಲ್ಲ." ಪರ್ಸಿನಿಂದ ಪುಟ್ಟದೊಂದು ವಸ್ತು ತೆಗೆದು ಅಂಗೈಯಲ್ಲಿಟ್ಟ. ಡಾಂಗಲ್! ಅದರ ಸಂದಿಯಲ್ಲಿ ಕುಂಕುಮ ಮೆತ್ತಿಕೊಂಡಿತ್ತು.

ರಂಜಿನಿ ಅದನ್ನು ತಿರುಗಿಸಿ ನೋಡಿದಳು. ಮೇಲೆ ಕಂಪನಿಯ ನಂಬರ್ ಇತ್ತು.

"ಅಪ್ಪ ಹೋದ್ಮೇಲೆ ಅಮ್ಮನ್ನ ಯಾವ ಶುಭಕಾರ್ಯಕ್ಕೂ ಮುಂದೆ ಬಿಡ್ತಿರ್ಲಿಲ್ಲ. ನಮ್ಮ ಬೈರಯ್ಯ ದೊಡ್ಡಪ್ಪನಂತೂ ಅಮ್ಮ ಅರಿಶಿನ ಕುಂಕುಮದ ತಟ್ಟೆ ಮುಟ್ಟಿದ್ರೂ ಮುಖ ಗಂಟು ಹಾಕೋರು. ನಂಗೆ ರೋಸಿಹೋಯ್ತು. ಅಂಗಡಿ ಹಾಕಿದ ವರ್ಷ ಆಯುಧ ಪೂಜೆ ಅಮ್ಮನೇ ಮಾಡ್ಬೇಕು ಅಂತ ಹಠ ಹಿಡಿದೆ. 'ಇದೇ ಅಮ್ಮ ಮಷಿನ್ ಪ್ರಾಣ, ಇದಿಲ್ದಿದ್ರೆ ಅಲ್ಲಾಡಲ್ಲ' ಅಂತ ಈ ಕೀಲಿ ತೋರಿಸಿದ್ದೆ. ನಾನು ಬೂದುಗುಂಬಳಕಾಯಿ ತರೋಕೆ ಹೋದಾಗ ಅಮ್ಮ ಇದನ್ನ ಕಿತ್ತು, ದೇವರ ವಿಗ್ರಹಕ್ಕೆ ಮಾಡೋ ಹಾಗೆ ಹಾಲಲ್ಲಿ ಅಭಿಷೇಕ ಮಾಡಿ, ಕುಂಕುಮ ಇಟ್ಟು, ಮತ್ತೆ ಅಲ್ಲೇ ಚುಚ್ಚಿದಾರೆ..."

"ಅಯ್ಯೋ!"

"ಸುಟ್ಟೋಯ್ತು. ಕಂಪನಿಗೆ ಫೋನ್ ಮಾಡಿದ್ರೆ, ಕೀಲಿ ಹೋದ್ರೆ ಹೊಸದಾಗಿ ಪೂರ್ತಿ ಕೊಂಡ್ಕೋಬೇಕು ಅಂದ್ರು. ಮಷಿನ್ ಜೊತೇಲೇ ಕೊಟ್ಟಿದ್ದ ಡೀಲರ್ ಅಂಗಡಿ ಮುಚ್ಕೊಂಡು ಹೋಗಿದ್ದ. ಆಮೇಲೆ ಪೇಟೆಲಿ ಯಾರೋ ಕೀಲಿ ಇಲ್ದೆ ತೆರೆಯೋ ಹಾಗೆ ಕ್ರ್ಯಾಕ್ ಮಾಡಿದ ಕಾಪಿ ಹಾಕ್ಕೊಟ್ರು. ತಪ್ಪು ಅಂತ ಗೊತ್ತು. ಆದ್ರೆ ಕೀಲಿ ಹೇಗೆ ಹಾಳಾಯ್ತು ಅಂತ ಹೇಳೋ ಹಾಗಿಲ್ಲ. ದೊಡ್ಡಪ್ಪಂಗೆ ಗೊತ್ತಾದ್ರೆ ಅಷ್ಟೇ... ಅಮ್ಮನ ಕೈಗುಣ ಅಂತ ಸಾಯೋವರೆಗೂ ಆಡ್ಕೋತಾರೆ. ಬಸ್ಸಲ್ಲಿ ಕಳ್ಕೊಂಡೆ ಅಂತ ಎಲ್ರಿಗೂ ಹೇಳಿದೀನಿ. ನಿಜ ಗೊತ್ತಿರೋದು ನಿಂಗೊಬ್ಳಿಗೇ."

ಅವನು ಕಳ್ಳನಲ್ಲ! ಒಮ್ಮೆ ಕೊಂಡುಕೊಂಡದ್ದನ್ನೇ ಬಳಸುತ್ತಿದ್ದಾನೆ... ಮತ್ತು ಅವಳು ಅವನನ್ನು ಕಳ್ಳನೆಂದು ಪ್ರಮಾಣ ಮಾಡಿ ಬರೆದುಕೊಟ್ಟಾಗಿತ್ತು.

ಮರುದಿನ ಬೆಳಗ್ಗೆಯೇ ಸೇತುರಾಮ ಅವರ ಮುಂದೆ ನಿಂತಳು.

"ಸಾರ್, ಹೆಗ್ಗನಹಳ್ಳಿ ಕೇಸು... ಅವ್ರ ಹತ್ರ ನಿಜವಾದ ಲೈಸೆನ್ಸ್ ಇದೆ. ಕೀಲಿ ಹಾಳಾಗಿದೆ ಅಷ್ಟೇ. ನಿಲ್ಸಿ ಸಾರ್."

ಸೇತುರಾಮ ಕನ್ನಡಕ ತೆಗೆದರು. "ಆದೇಶ ಬಂದಾಯ್ತಮ್ಮ. ನಾಳೆ ಕಮಿಷನರ್ ಹೋಗ್ತಾರೆ. ಲೈಸೆನ್ಸ್ ಇದ್ರೆ ಕೀಲಿ ತಂದು ಕೋರ್ಟಿಗೆ ತೋರಿಸ್ಲಿ, ಯಾರು ಬೇಡ ಅಂದ್ರು? ಆದ್ರೆ ಒಂದು ನೆನಪಿಟ್ಕೋ. ಇವತ್ತು ನೀನು ಅವನಿಗೆ ಸುಳಿವು ಕೊಟ್ರೆ ಅದು ಕೋರ್ಟಿಗೆ ಮಾಡೋ ದ್ರೋಹ. ನಿನ್ನ ಮೇಲೇ ಕೇಸಾಗುತ್ತೆ."

ಆ ದಿನವೆಲ್ಲ ಅವನ ಹೆಸರು ಫೋನಿನ ಪರದೆಯ ಮೇಲೆ ತೆರೆದುಕೊಂಡೇ ಇತ್ತು. ಒತ್ತಿದಳು, ಕಟ್ ಮಾಡಿದಳು. ಮತ್ತೆ ಒತ್ತಿದಳು... ಹೆದರಿದಳು. ಹೌದು, ಪ್ರೀತಿಗಿಂತ ಭಯವೇ ಅವಳಲ್ಲಿ ದೊಡ್ಡದಿತ್ತು. ಬೈಯಬೇಕೆಂದಿದ್ದರೆ ಈಗ ಬೈಯಿರಿ.

ಮರುದಿನ ಕರಿ ಕೋಟಿನ ಕಮಿಷನರ್, ಒಬ್ಬ ಕಂಪ್ಯೂಟರ್ ಪರಿಣತ, ಒಬ್ಬ ಪೊಲೀಸ್ ಪೇದೆ ಅಂಗಡಿ ಹೊಕ್ಕರು. ಮಷಿನ್ ಗುರುತಿಸಲು ರಂಜಿನಿಯೂ ಹೋಗಲೇಬೇಕಿತ್ತು.

ಅವಳನ್ನು ಕಂಡದ್ದೇ ಮಹದೇವನ ಮುಖ ಅರಳಿತು. "ಅನು! ಬಾ... ಇವ್ರೆಲ್ಲ ಯಾರು?"

ಕಮಿಷನರ್ ಆದೇಶ ಓದಿದರು. "...ಸಾಕ್ಷಿ ರಂಜಿನಿ ಅವರ ಪ್ರಮಾಣಪತ್ರದ ಆಧಾರದ ಮೇಲೆ..."

"ರಂಜಿನಿ ಅಂದ್ರೆ ಯಾರು ಸಾರ್?" ಮಹದೇವ್ ಗಾಬರಿಯಿಂದ ಕೇಳಿದ.

ಪೇದೆ ಅವಳತ್ತ ಬೆರಳು ತೋರಿಸಿದ.

ಮಹದೇವ್ ಅವಳನ್ನು ನೋಡಿದ. ಅವನು ಕಿರುಚಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಚೆನ್ನಾಗಿದೆ ಮೇಡಂ ನಿಮ್ಮ ಹೆಸರು" ಎಂದ. ಅಷ್ಟೇ.

ಮಷಿನ್ ನಿಂತಿತು. ಚೌಕಟ್ಟಿನಲ್ಲಿ ಯಾರದೋ ಮದುವೆಯ ಬ್ಲೌಸ್ ಅರ್ಧ ಬಳ್ಳಿಯೊಂದಿಗೆ ಹಾಗೇ ಉಳಿಯಿತು. ಹಾರ್ಡ್ ಡಿಸ್ಕ್ ಕಿತ್ತು ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಇದೇನೂ ಅರಿಯದ ಚಿಕ್ಕಗಂಗಮ್ಮ ಬಂದವರಿಗೆಲ್ಲ ಕಾಫಿ ತಂದರು. ಮೊದಲ ಲೋಟವನ್ನು ರಂಜಿನಿಗೇ ಕೊಟ್ಟರು.

"ಕುಡಿಯವ್ವ..."

ಅವಳು ಕುಡಿಯಲಿಲ್ಲ. ಹೊರಗೆ ಬಂದು ಗಿರಣಿಯ ಗೋಡೆಗೆ ಮುಖ ಒತ್ತಿ ಅತ್ತಳು. ಅತ್ತು ಏನು ಬಂತು?

ಆ ಸಾಫ್ಟ್‌ವೇರ್ ಬಳಸಕೂಡದೆಂಬ ಕೋರ್ಟಿನ ತಡೆಯಾಜ್ಞೆ ಬಂದದ್ದು ಶ್ರಾವಣದ ಹೊಸ್ತಿಲಲ್ಲಿ. ವರಮಹಾಲಕ್ಷ್ಮಿ ಹಬ್ಬಕ್ಕೂ ಮದುವೆಗಳಿಗೂ ಕೊಟ್ಟಿದ್ದ ಬಟ್ಟೆಗಳನ್ನು ಗಿರಾಕಿಗಳು ಬೈದುಕೊಂಡು ವಾಪಸು ಒಯ್ದರು. ಕೆಲಸದವರು ಬೇರೆ ಕಡೆ ಸೇರಿಕೊಂಡರು. ಮಳಿಗೆಯ ಮಾಲೀಕ ಬೈರಯ್ಯ ದೊಡ್ಡಪ್ಪನೇ. ಅವರು "ಕಳ್ಳಮಾಲಿನ ಅಂಗಡಿ ನಮ್ಮ ಜಾಗದಲ್ಲಿ ಬೇಡ" ಎಂದು ಬಾಗಿಲು ಹಾಕಿಸಿದರು. ಸ್ವಂತ ಮಷಿನ್ ಇದ್ದ ಮಹದೇವ್ ನಾಯಂಡಹಳ್ಳಿಯ ಗೋಡೌನ್ ಒಂದರಲ್ಲಿ ಇನ್ನೊಬ್ಬರ ಮಷಿನ್ ನಡೆಸಲು ಹೋದ. ರಂಜಿನಿಯ ಫೋನನ್ನು ಒಮ್ಮೆಯೂ ಎತ್ತಲಿಲ್ಲ.

ಕೋರ್ಟು ಎರಡೂ ಕಡೆಯವರನ್ನು ಮಧ್ಯಸ್ಥಿಕೆಗೆ ಕಳಿಸಿತು. ಒಂದು ಉದ್ದನೆಯ ಮೇಜು. ಈ ಕಡೆ ಕಂಪನಿಯ ಪ್ರತಿನಿಧಿ, ಸೇತುರಾಮ, ರಂಜಿನಿ. ಆ ಕಡೆ ಮಹದೇವ್, ಚಿಕ್ಕಗಂಗಮ್ಮ, ಹಿರಿಯರೆಂದು ಬಂದು ಕೂತ ಬೈರಯ್ಯ. ನಡುವೆ ಮಧ್ಯಸ್ಥಗಾರರಾದ ಒಬ್ಬ ನಡುವಯಸ್ಸಿನ ವಕೀಲೆ.

"ಮಹದೇವ್ ಅವ್ರೇ, ನಿಮ್ಮ ಹತ್ರ ಲೈಸೆನ್ಸ್ ಇತ್ತು ಅಂತೀರಿ. ಕೀಲಿ ಎಲ್ಲಿ?"

"ಬಸ್ಸಲ್ಲಿ ಕಳೆದುಹೋಯ್ತು ಮೇಡಂ."

ರಂಜಿನಿ ತಲೆಯೆತ್ತಿದಳು. ಕೀಲಿ ಅವನ ಪರ್ಸಿನಲ್ಲೇ ಇತ್ತಲ್ಲ! ಅದನ್ನು ಮೇಜಿನ ಮೇಲಿಟ್ಟರೆ ಸಾಕಿತ್ತು. ಆದರೆ ಇಟ್ಟರೆ ಅದು ಹಾಳಾದದ್ದು ಹೇಗೆಂದು ಕೇಳುತ್ತಾರೆ. ಪಕ್ಕದಲ್ಲಿ ಅಮ್ಮ ಕೂತಿದ್ದಾರೆ, ಅದರಾಚೆ ದೊಡ್ಡಪ್ಪ.

ಕಂಪನಿಯ ಪ್ರತಿನಿಧಿ ಹೇಳಿದ: "ಹಾಗಾದ್ರೆ ಲೈಸೆನ್ಸ್ ಇರ್ಲಿಲ್ಲ ಅಂತ ಒಪ್ಕೊಂಡು ಬರೆದುಕೊಡ್ಲಿ. ಇನ್ಮುಂದೆ ಈ ವ್ಯವಹಾರ ಮಾಡಲ್ಲ ಅಂತ್ಲೂ ಬರೀಲಿ. ಕೇಸು ಮುಗಿಸ್ತೀವಿ."

"ಸೈನ್ ಹಾಕೋ ಅತ್ಲಾಗೆ! ಮಾನ ಹೋಗಿದ್ದು ಸಾಕು" ಎಂದರು ಬೈರಯ್ಯ.

ಮಹದೇವ್ ಪೆನ್ನು ಎತ್ತಿಕೊಂಡ. ಕಳ್ಳನಲ್ಲದವನು ನಾನು ಕಳ್ಳ ಎಂದು ಬರೆಯಲು ಹೊರಟಿದ್ದ. ಅಮ್ಮ ಎತ್ತಿದ ಆರತಿಯ ಮೇಲೆ ಒಂದು ಮಾತೂ ಬೀಳದಿರಲಿ ಎಂದು!

'ಇಲ್ಲ... ಇಲ್ಲ!'

ರಂಜಿನಿ ಎದ್ದು ನಿಂತಳು. "ಮೇಡಂ, ಕೀಲಿ ಕಳೆದುಹೋಗಿಲ್ಲ. ಹಾಳಾಗಿದೆ. ಹಾಳು ಮಾಡಿದ್ದು ನಾನು."

"ರಂಜಿನೀ!" ಸೇತುರಾಮ ಗದರಿದರು.

"ಮೊದಲ್ನೇ ಸಲ ಅಂಗಡಿಗೆ ಹೋದಾಗ ನನ್ನ ಬಾಟಲಿ ನೀರು ಕಂಪ್ಯೂಟರ್ ಹತ್ರ ಚೆಲ್ಲಿತು. ಕೀಲಿ ನೆನೆದು ಕೆಟ್ಟೋಯ್ತು. ಹೆದರಿ ರಿಪೋರ್ಟಲ್ಲಿ ಬರೀಲಿಲ್ಲ. ಅದು ಇವ್ರ ಪರ್ಸಲ್ಲಿದೆ. ಮೇಲೆ ನಂಬರ್ ಇರುತ್ತೆ, ಕಂಪನಿಯವ್ರೇ ನೋಡ್ಲಿ."

ಮಹದೇವ್ ಬೆಕ್ಕಸಬೆರಗಾಗಿ ಅವಳನ್ನು ನೋಡಿದ. ಸುಳ್ಳು! ಹಸಿ ಸುಳ್ಳು! ಯಾರಿಗಾಗಿ ಈ ಸುಳ್ಳು ಎಂಬುದು ಮಾತ್ರ ಅವನಿಗೆ ಚೆನ್ನಾಗಿ ತಿಳಿಯಿತು. ಅವನು ಪೆನ್ನನ್ನು ಕೆಳಗಿಟ್ಟ.

ಆಗ ಚಿಕ್ಕಗಂಗಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

"ಆ ಹುಡ್ಗಿ ಸುಳ್ಳು ಹೇಳ್ತಾವ್ಳೆ ಕಣವ್ವ. ನೀರಲ್ಲ, ಹಾಲು. ಉಯ್ದಿದ್ದು ನಾನು."

"ಅಮ್ಮಾ!" ಮಹದೇವನ ಧ್ವನಿ ಒಡೆಯಿತು. "ನಿಂಗೆ ಯಾರು ಹೇಳಿದ್ರು?"

"ಯಾರ್ ಹೇಳ್ಬೇಕೋ? ಹಬ್ಬದ ಮಾರ್ನೆ ದಿನ ಮಷಿನ್ ನಿಂತೋದಾಗ ನೀನು ಅದನ್ನ ಕಿತ್ತು ಮೂಸಿ ನೋಡ್ದೆ. ಬಾಗ್ಲಲ್ಲಿ ನಿಂತ್ಕೊಂಡು ನೋಡ್ತಿದ್ದೆ ನಾನು. ಹಾಲು ಹುಳಿಬಂದ ವಾಸ್ನೆ ನಂಗೊತ್ತಿಲ್ವಾ? ನಂಗೆ ಗೊತ್ತಾಗ್ಬಾರ್ದು ಅಂತ ನೀನು ಬಚ್ಚಿಟ್ಟೆ. ನಿಂಗೆ ನೋವಾಗ್ಬಾರ್ದು ಅಂತ ನಾನೂ ಸುಮ್ನಿದ್ದೆ."

ಬೈರಯ್ಯ ಕೂತಲ್ಲೇ ಗೊಣಗಿದರು. "ನಾನು ಅವತ್ತೇ ಹೇಳಿದ್ದೆ. ಗಂಡ ಸತ್ತವ್ಳ ಕೈಲಿ ಆರತಿ ಎತ್ತುಸ್ಬೇಡ ಅಂತ..."

"ಹೇಳಿದ್ರಿ ಬಾವ" ಎಂದರು ಚಿಕ್ಕಗಂಗಮ್ಮ, ಅವರತ್ತ ತಿರುಗದೆಯೇ. "ನನ್ನ ಮಗ ಕೇಳ್ನಿಲ್ಲ. ಅದ್ಕೇ ಅವ್ನು ನನ್ನ ಮಗ."

ಮಹದೇವ್ ಪರ್ಸ್ ತೆರೆದು ಕೀಲಿಯನ್ನು ಮೇಜಿನ ಮೇಲಿಟ್ಟ. ಕಂಪನಿಯ ಪ್ರತಿನಿಧಿ ನಂಬರನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಹುಡುಕಿದ. ಅವನ ಮುಖ ಸಣ್ಣದಾಯಿತು. ಅದು ಅವರೇ ಮಾರಿದ ಕೀಲಿ.

ಸಂಜೆಯ ಹೊತ್ತಿಗೆ ಎಲ್ಲ ತೀರ್ಮಾನವಾಯಿತು. ಮಹದೇವ್ ಕಳ್ಳ ಕಾಪಿ ಅಳಿಸಬೇಕು, ಇನ್ನು ಮುಂದೆ ಅಂಥದ್ದನ್ನು ಬಳಸುವುದಿಲ್ಲವೆಂದು ಬರೆದುಕೊಡಬೇಕು. ಕಂಪನಿ ಕೇಸು ಹಿಂತೆಗೆದುಕೊಂಡು ಹೊಸ ಕೀಲಿ ಕೊಡಬೇಕು. ಎಷ್ಟು ಸುಲಭ! ಮೊದಲೇ ಒಂದು ನೋಟಿಸ್ ಕಳಿಸಿದ್ದರೆ, ಒಂದು ಫೋನಿಗೆ ಮನುಷ್ಯರ ಹಾಗೆ ಉತ್ತರ ಕೊಟ್ಟಿದ್ದರೆ ಆಗುತ್ತಿದ್ದ ಕೆಲಸ. ಅಷ್ಟರಲ್ಲಿ ಒಂದು ಅಂಗಡಿ ಮುಚ್ಚಿಹೋಗಿತ್ತು.

ಸೇತುರಾಮ ಹೊರಗೆ ಬಂದು ರಂಜಿನಿಗೆ ಹೇಳಿದರು: "ನಾಳೆಯಿಂದ ಬರ್ಬೇಡಮ್ಮ. ಸುಳ್ಳು ಹೇಳೋ ಸಾಕ್ಷಿ ನನಗೆ ಬೇಡ."

ಅನು ಎಂದೂ ಅಕ್ಕನ ಮದುವೆಯೆಂದೂ ಅವಳು ಹೇಳಿದ ಸುಳ್ಳುಗಳೆಲ್ಲ ಇಷ್ಟು ದಿನ ಅವರಿಗೆ ಬೇಕಾಗಿದ್ದವು. ರಂಜಿನಿ ಅದನ್ನು ಹೇಳಲಿಲ್ಲ. ಹೇಳುವ ಹಕ್ಕು ತನಗಿಲ್ಲ ಅನ್ನಿಸಿತು.

ಮುಂದಿನ ವಾರ ಅವಳು ನಾಯಂಡಹಳ್ಳಿ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ಕಾದು ನಿಂತಳು. ಗೋಡೌನಿನಿಂದ ಬಂದ ಮಹದೇವ್ ಅವಳನ್ನು ಕಂಡು ನಿಂತ. ಸೊರಗಿದ್ದ. ಮುಖದಲ್ಲಿ ನಗುವಿರಲಿಲ್ಲ.

"ಅಮ್ಮ ಹೇಗಿದಾರೆ?" ಎಂದಳು.

"ಊಟ ಮಾಡ್ತಾರೆ, ಮಲಗ್ತಾರೆ. ದೊಡ್ಡಪ್ಪ ಊರಿಗೆಲ್ಲ ಸಾರಿದಾರೆ. ನಾನು ಯಾವ್ದಕ್ಕೆ ಹೆದರಿದ್ದೆನೋ ಅದೇ ಆಯ್ತು. ಹೊಸ ಕೀಲಿ ಬಂದಿದೆ. ಚುಚ್ಚೋಕೆ ಅಂಗಡಿ ಇಲ್ಲ. ಆ ಮಳಿಗೆ ಈಗ ಮೊಬೈಲ್ ಅಂಗಡಿ."

"ನಂದೇ ತಪ್ಪು."

"ನಿಂದೇ."

ಅವನು ಸುಮ್ಮನೆ ಒಪ್ಪಿಕೊಂಡ. ಇಲ್ಲ ಎನ್ನಲಿ ಎಂದು ಅವಳು ಆಸೆಪಟ್ಟಿರಲಿಲ್ಲ. ಆದರೂ ಕಣ್ಣು ತುಂಬಿತು.

"ಮೊದಲ್ನೇ ದಿನದಿಂದ ನಂಗೆ ಸುಳ್ಳೇ ಹೇಳ್ದೆ. ಅವತ್ತು ಎಲ್ಲರ ಮುಂದೆ ನನಗೋಸ್ಕರ ಇನ್ನೊಂದು ಸುಳ್ಳು ಹೇಳಿ ಕೆಲಸ ಕಳ್ಕೊಂಡೆ. ನಾನು ಯಾವ ರಂಜಿನಿನ ನಂಬ್ಲಿ?"

"ಯಾರನ್ನೂ ನಂಬ್ಬೇಡ. ಒಂದು ಮಾತು ಕೇಳಿಸ್ಕೋ ಸಾಕು." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ಫೋಟೊ ತೆಗೆದ ದಿನಕ್ಕೇ ನನ್ನ ಕೆಲಸ ಮುಗಿದಿತ್ತು. ಆಮೇಲೆ ಬಂದಿದ್ದೆಲ್ಲ ನಿನ್ನನ್ನ ನೋಡೋಕೆ. ಅವ್ರು ಸೀಲ್ ಮಾಡೋಕೆ ಬರೋ ಹಿಂದಿನ ದಿನ ನಿಂಗೆ ಹೇಳ್ಬಹುದಿತ್ತು, ಹೇಳ್ಲಿಲ್ಲ. ಹೆದರಿಕೊಂಡೆ. ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ. ನಿನ್ನ ಪ್ರೀತಿಸ್ತೀನಿ ಮಹದೇವ... ಇದನ್ನ ನಿಜವಾದ ಹೆಸರಲ್ಲಿ ಒಂದು ಸಲ ಹೇಳ್ಬೇಕಿತ್ತು. ಅದಕ್ಕೇ ಬಂದೆ."

ಜನ ಅವರಿಬ್ಬರನ್ನು ಬಳಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅವನು ಮೈಸೂರು ರಸ್ತೆಯ ಲಾರಿಗಳತ್ತ ಮುಖ ತಿರುಗಿಸಿದ. ಅವಳು ತಿರುಗಿ ಹೊರಟಳು.

"ಎಲ್ಲಿಗೆ?"

"ಮನೆಗೆ. ನಿನ್ನ ಸಿಟ್ಟು ಇಳಿಯೋವರೆಗೂ ಕಾಯ್ತೀನಿ."

"ಇಳಿಯಲ್ಲ."

"ಗೊತ್ತು. ಆದ್ರೂ ಕಾಯ್ತೀನಿ."

"ದೂರ ಕೂತ್ಕೊಂಡು ಕಾಯೋದೆಲ್ಲ ಬೇಡ." ಅವನು ಎರಡು ಹೆಜ್ಜೆ ಮುಂದೆ ಬಂದ. "ನಂಗೆ ನಿನ್ನ ಮೇಲೆ ತುಂಬ ಸಿಟ್ಟಿದೆ. ಎದುರಿಗೆ ನೀನಿಲ್ದೆ ನಾನು ಯಾರನ್ನ ಬೈಲಿ? ದಿನಾ ಬಂದು ಬೈಸ್ಕೊಂಡು ಹೋಗು."

ರಂಜಿನಿ ತುಟಿ ಕಚ್ಚಿಕೊಂಡಳು. "ದಿನಾ ಬರ್ತೀನಿ... ಬೈದು ಮುಗಿದ್ಮೇಲೆ?"

"ಮುಗಿಯುತ್ತೆ ಅಂತ ಯಾರು ಹೇಳಿದ್ರು?"